ಕಾಂಡಕೋಶದ ಕಾಲಡಿಯ ನೆಲ: ಮೆತ್ತಗಿನ, ಗಡಸು ಜೆಲ್‌ಗಳ ಮೇಲೆ ಪ್ರಯೋಗ ಮಾಡುವ ಸಮಗ್ರ ಮಾರ್ಗದರ್ಶಿ

ಲ್ಯಾಬಿನಲ್ಲಿ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್ ಬೆಳೆಸುವವರು ಅದರ ಊಟದ ಬಗ್ಗೆ ತುಂಬಾ ಯೋಚನೆ ಮಾಡುತ್ತಾರೆ. ಯಾವ ಮೀಡಿಯಂ, ಯಾವ ಸೀರಮ್, ಯಾವ ಗ್ರೋತ್ ಫ್ಯಾಕ್ಟರ್ ಎಷ್ಟು ಅಂತ. ಆ ಕೋಶ ಕೂತಿರುವ ನೆಲ ಹೇಗಿದೆ ಅಂತ ಕೇಳುವವರು ಕಡಿಮೆ. ಗಡಸುತನ ಅಳೆಯುವ ಮಾನ ಪಾಸ್ಕಲ್, ಒಂದು ಗಿಗಾಪಾಸ್ಕಲ್ ಅಂದರೆ ಹತ್ತು ಲಕ್ಷ ಕಿಲೋಪಾಸ್ಕಲ್. ಪ್ಲಾಸ್ಟಿಕ್ ಪ್ಲೇಟಿನ ಗಡಸುತನ ಗಿಗಾಪಾಸ್ಕಲ್ ಲೆಕ್ಕದಲ್ಲಿದೆ. ನಮ್ಮ ಮಿದುಳಿನದು ಸುಮಾರು 0.1ರಿಂದ 1 ಕಿಲೋಪಾಸ್ಕಲ್. ಅಂದರೆ ಪ್ಲೇಟ್ ಮಿದುಳಿಗಿಂತ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ ಗಡಸು. ಮೈಯೊಳಗೆ ಮೆತ್ತಗಿನ ಜಾಗದಲ್ಲಿದ್ದ ಕೋಶವನ್ನು ಬಂಡೆಯ ಮೇಲೆ ತಂದು ಕೂರಿಸಿ, ಅದು ಅಲ್ಲಿ ಮಾಡಿದ್ದೇ ಅದರ ಸ್ವಭಾವ ಅಂತ ಬರೆದುಬಿಡುವುದು ಸರಿಯಲ್ಲ, ಅಲ್ವಾ?

ಈ ಪ್ರಶ್ನೆಯನ್ನು ಎಲ್ಲರ ಮುಂದೆ ತಂದಿಟ್ಟದ್ದು 2006ರಲ್ಲಿ ಬಂದ ಒಂದು ಸಂಶೋಧನೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡೆನಿಸ್ ಡಿಶರ್ ಅವರ ಲ್ಯಾಬಿನಲ್ಲಿ ಆಡಮ್ ಎಂಗ್ಲರ್, ಶಮಿಕ್ ಸೇನ್ ಮತ್ತು ಲೀ ಸ್ವೀನಿ ಸೇರಿ ಮಾಡಿದ ಕೆಲಸ ಅದು. ಶಮಿಕ್ ಸೇನ್ ಆಮೇಲೆ ಐಐಟಿ ಬಾಂಬೆಗೆ ಬಂದರು. ಈ ತಂಡದವರು ಮೂಳೆ ಮಜ್ಜೆಯ ಮೆಸೆಂಕೈಮಲ್ ಕಾಂಡಕೋಶಗಳನ್ನು, ಅಂದರೆ ಮೂಳೆ, ಕೊಬ್ಬು, ಮೃದ್ವಸ್ಥಿ ಆಗಬಲ್ಲ ಕೋಶಗಳನ್ನು, ಬೇರೆ ಬೇರೆ ಗಡಸುತನದ ಜೆಲ್ ಮೇಲೆ ಬಿಟ್ಟರು. ಮಿದುಳಿನಷ್ಟು ಮೆತ್ತಗಿನ ಜೆಲ್ ಮೇಲೆ ಕೋಶಗಳು ನರಕೋಶದ ಗುರುತು ತೋರಿಸಿದವು. 8ರಿಂದ 17 ಕಿಲೋಪಾಸ್ಕಲ್ ಇದ್ದಾಗ ಸ್ನಾಯುವಿನ ಕಡೆಗೆ, 25ರಿಂದ 40 ಇದ್ದಾಗ ಮೂಳೆಯ ಕಡೆಗೆ ವಾಲಿದವು. ಮೇಲೆ ಹಾಕಿದ ಮೀಡಿಯಂ ಒಂದೇ. ಬದಲಾದದ್ದು ನೆಲ.

ಕೋಶಕ್ಕೆ ನೆಲ ಗಟ್ಟಿಯೋ ಮೆತ್ತಗೋ ಅಂತ ಗೊತ್ತಾಗುವುದು ಎಳೆದು ನೋಡಿದಾಗ. ಕೋಶದೊಳಗೆ ಆಕ್ಟಿನ್ ಎಳೆಗಳಿವೆ, ಅವನ್ನು ಮಯೋಸಿನ್ ಎಳೆಯುತ್ತದೆ, ಆ ಎಳೆತ ಕೋಶದ ಹೊರಗಿನ ಇಂಟೆಗ್ರಿನ್ ಕೊಕ್ಕೆಗಳ ಮೂಲಕ ನೆಲಕ್ಕೆ ತಲುಪುತ್ತದೆ. ನಾಟಿ ಮಾಡಿದ ಕೆಸರು ಗದ್ದೆಯಲ್ಲಿ ನಿಂತು ಹಗ್ಗ ಎಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಕಾಲೂರಲು ಗಟ್ಟಿ ನೆಲ ಸಿಗದಿದ್ದರೆ ಕೈಗೆ ಬಲ ಬರುವುದಿಲ್ಲ. ಗಟ್ಟಿ ನೆಲದಲ್ಲಿ ಕೋಶ ಹರಡಿಕೊಂಡು ಬಲವಾಗಿ ಎಳೆಯುತ್ತದೆ, ಮೆತ್ತಗಿನ ನೆಲದಲ್ಲಿ ಮುದುಡಿ ದುಂಡಗಾಗುತ್ತದೆ. ಇಡೀ ಪ್ರಯೋಗ ನಿಂತಿರುವುದು ಇದರ ಮೇಲೆ.

ಇದಕ್ಕೆ ಬಳಸುವುದು ಪಾಲಿಅಕ್ರಿಲಮೈಡ್ ಜೆಲ್. ಪ್ರೋಟೀನ್ ಬೇರ್ಪಡಿಸಲು ದಿನಾ ಓಡಿಸುತ್ತೇವಲ್ಲ, ಅದೇ ಜೆಲ್. ಕೋಶ ಬೆಳೆಸಲು ಇದನ್ನು ರಾಬರ್ಟ್ ಪೆಲ್ಹಮ್ ಮತ್ತು ಯು-ಲಿ ವಾಂಗ್ 1997ರಲ್ಲಿ ತಂದರು. ಇದರ ಒಳ್ಳೆ ಗುಣ ಅಂದರೆ ಕೋಶ ಇದಕ್ಕೆ ತಾನಾಗಿ ಅಂಟುವುದಿಲ್ಲ. ನಾವು ಯಾವ ಪ್ರೋಟೀನ್ ಹಚ್ಚುತ್ತೇವೋ ಅದಕ್ಕೆ ಮಾತ್ರ ಅಂಟುತ್ತದೆ. ಹಾಗಾಗಿ ನೆಲದ ಗಡಸುತನ ಒಂದು ಕಡೆ, ಅಂಟುವ ಪ್ರೋಟೀನ್ ಇನ್ನೊಂದು ಕಡೆ, ಎರಡನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿಡಬಹುದು. ಸಾಮಾನ್ಯ ಕಲ್ಚರ್ ಲ್ಯಾಬ್ ಇದ್ದರೆ ಸಾಕು, ಜೆಲ್ ಮಾಡಲು ದೊಡ್ಡ ಯಂತ್ರ ಬೇಕಿಲ್ಲ.

ಶುರು ಮಾಡುವ ಮೊದಲು

ಮೊದಲು ಅನುಮತಿ. ಭಾರತದಲ್ಲಿ ಕಾಂಡಕೋಶದ ಕೆಲಸಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ಸೇರಿ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿ ಇದೆ. ಅದರ ಪ್ರಕಾರ ಸಂಸ್ಥೆಯೊಳಗೆ ಕಾಂಡಕೋಶ ಸಂಶೋಧನೆಗೆಂದೇ ಒಂದು ಸಮಿತಿ ಇರಬೇಕು. ಮನುಷ್ಯರ ಮಜ್ಜೆಯಿಂದ ಕೋಶ ತೆಗೆಯುವುದಾದರೆ ನೈತಿಕ ಸಮಿತಿಯ ಒಪ್ಪಿಗೆ, ದಾನಿಯ ಲಿಖಿತ ಒಪ್ಪಿಗೆ ಎರಡೂ ಬೇಕು. ಕಂಪನಿಯಿಂದ ಕೊಂಡ ಕೋಶವಾದರೂ ಸಮಿತಿಯ ಹತ್ತಿರ ಮೊದಲೇ ಮಾತಾಡಿ. ಕೋಶ ಬಂದ ಮೇಲೆ ಕಾಗದ ಮಾಡಿಸೋಣ ಅಂತ ಬಿಡಬೇಡಿ.

ಆಮೇಲೆ ಸುರಕ್ಷತೆ. ಜೆಲ್ ಆಗದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಪುಡಿ ತಂದು ಕರಗಿಸುವ ಬದಲು 40% ಅಕ್ರಿಲಮೈಡ್ ಮತ್ತು 2% ಬಿಸ್-ಅಕ್ರಿಲಮೈಡ್ ದ್ರಾವಣಗಳನ್ನೇ ಕೊಳ್ಳಿ. ಗ್ಲುಟರಾಲ್ಡಿಹೈಡ್ ಮತ್ತು ಸಿಲೇನ್‌ಗಳ ಕೆಲಸ ಫ್ಯೂಮ್ ಹುಡ್‌ನಲ್ಲೇ ಆಗಬೇಕು, ಗ್ಲೌಸ್ ಇರಲೇಬೇಕು.

ಮೂರು ಗಡಸುತನ ಇಟ್ಟುಕೊಳ್ಳಿ: ಸುಮಾರು 0.5, 10 ಮತ್ತು 35 ಕಿಲೋಪಾಸ್ಕಲ್. ಜೊತೆಗೆ ಕೋಶ ಅಂಟಿಕೊಳ್ಳುವ ಕೊಲಾಜೆನ್ ಪ್ರೋಟೀನ್ ಹಚ್ಚಿದ ಬರೀ ಗಾಜು ಒಂದು. ಮೊದಲ ಸಲವೇ ಎಂಟು ಹತ್ತು ಗಡಸುತನ ಹಿಡಿದುಕೊಂಡರೆ ಯಾವುದನ್ನೂ ನೆಟ್ಟಗೆ ನೋಡಲಾಗುವುದಿಲ್ಲ.

ಗಾಜು ಸಿದ್ಧ ಮಾಡುವುದು

ಎರಡು ಬಗೆಯ ಗಾಜು ಬೇಕು. ಕೆಳಗಿನ ಗಾಜಿಗೆ ಜೆಲ್ ಬಿಡದ ಹಾಗೆ ಅಂಟಬೇಕು. ಮೇಲಿನ ಗಾಜಿನಿಂದ ಸಲೀಸಾಗಿ ಬಿಡಬೇಕು.

ಕೆಳಗಿನದಕ್ಕೆ 18 ಮಿಲಿಮೀಟರ್ ದುಂಡನೆಯ ಕವರ್‌ಸ್ಲಿಪ್ ತೆಗೆದುಕೊಳ್ಳಿ. ಇದು 12 ಬಾವಿಯ (ವೆಲ್) ಪ್ಲೇಟಿನಲ್ಲಿ ಸರಿಯಾಗಿ ಕೂರುತ್ತದೆ. 80 ಡಿಗ್ರಿಯ ಹಾಟ್ ಪ್ಲೇಟ್ ಮೇಲಿಟ್ಟು, ಗಾಜು ಪೂರ್ತಿ ಮುಚ್ಚುವಷ್ಟು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಒಣಗಲು ಬಿಡಿ. ತೆಳು ಬಿಳಿ ಪದರ ಸಮನಾಗಿ ಕೂರಬೇಕು. ತಣ್ಣಗಾದ ಮೇಲೆ ಫ್ಯೂಮ್ ಹುಡ್‌ನಲ್ಲಿ ಎಪಿಟಿಇಎಸ್ ಅನ್ನುವ ಅಮೈನೋ ಸಿಲೇನ್ ಹಾಕಿ 5 ನಿಮಿಷ ಬಿಡಿ. ಆಮೇಲೆ ನೀರಿನಲ್ಲಿ ತೊಳೆಯಿರಿ. ಮೂರು ಸಲ, ಒಂದೊಂದು ಸಲ 5 ನಿಮಿಷ. ಇಲ್ಲಿ ಅವಸರ ಬೇಡ. ಸಿಲೇನ್ ಉಳಿದುಬಿಟ್ಟರೆ ಮುಂದೆ ಹಾಕುವ ಗ್ಲುಟರಾಲ್ಡಿಹೈಡ್ ಜೊತೆ ಸೇರಿ ಕಿತ್ತಳೆ ಕಂದು ಬಣ್ಣದ ಕಲೆಯಾಗುತ್ತದೆ, ಮೈಕ್ರೋಸ್ಕೋಪ್‌ನಲ್ಲಿ ಆ ಕಲೆ ಹೊಳೆಯುತ್ತಾ ಕಾಟ ಕೊಡುತ್ತದೆ. ಕೊನೆಗೆ ಪಿಬಿಎಸ್, ಅಂದರೆ ಫಾಸ್ಫೇಟ್ ಬೆರೆತ ಉಪ್ಪುನೀರಿನಲ್ಲಿ 0.5% ಗ್ಲುಟರಾಲ್ಡಿಹೈಡ್, 30 ನಿಮಿಷ. ಮತ್ತೆ ತೊಳೆದು ಒಣಗಿಸಿ.

ಯಾವ ಬದಿಗೆ ಸಿಲೇನ್ ಹಚ್ಚಿದ್ದೀರಿ ಅನ್ನುವುದು ಒಣಗಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಡೈಮಂಡ್ ಪೆನ್ನಿನಿಂದ ಅಂಚಿನಲ್ಲಿ ಒಂದು ಅಕ್ಷರ ಗೀರಿಡಿ. ಆ ಅಕ್ಷರ ನೆಟ್ಟಗೆ ಓದಲು ಬಂದರೆ ಸರಿ ಬದಿ ಮೇಲಿದೆ ಅಂತ ಅರ್ಥ. ಎಫ್, ಆರ್ ತರಹದ, ತಿರುಗಿಸಿದರೆ ಉಲ್ಟಾ ಕಾಣುವ ಇಂಗ್ಲಿಷ್ ಅಕ್ಷರವನ್ನೇ ಬರೆಯಿರಿ.

ಮೇಲಿನ ಗಾಜಿಗೆ ಡೈಕ್ಲೋರೋಡೈಮೀಥೈಲ್‌ಸಿಲೇನ್ ಹಚ್ಚಿ 5 ನಿಮಿಷ ಬಿಟ್ಟು, ಒರೆಸಿ, ನೀರಲ್ಲಿ ತೊಳೆದರೆ ಆಯಿತು. ನೀರು ಹಾಕಿದರೆ ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಗುಂಡಾಗಿ ಜಾರಬೇಕು. ಹರಡಿಕೊಂಡರೆ ಇನ್ನೊಂದು ಸಲ ಹಚ್ಚಿ.

ಜೆಲ್ ಹಾಕುವುದು

ಒಂದು ಮಿಲಿಲೀಟರ್‌ಗೆ ಲೆಕ್ಕ ಹೀಗಿದೆ. ಅಳತೆಗಳೆಲ್ಲ ಮೈಕ್ರೋಲೀಟರ್‌ನಲ್ಲಿ.

ಮೆತ್ತಗಿನದು, ಸುಮಾರು 0.5 ಕಿಲೋಪಾಸ್ಕಲ್: 40% ಅಕ್ರಿಲಮೈಡ್ 75, 2% ಬಿಸ್ 50, ಪಿಬಿಎಸ್ 864.
ನಡುವಿನದು, ಸುಮಾರು 10: ಅಕ್ರಿಲಮೈಡ್ 250, ಬಿಸ್ 50, ಪಿಬಿಎಸ್ 689.
ಗಡಸು, ಸುಮಾರು 35: ಅಕ್ರಿಲಮೈಡ್ 250, ಬಿಸ್ 150, ಪಿಬಿಎಸ್ 589.

ಎಲ್ಲದಕ್ಕೂ ಕೊನೆಯಲ್ಲಿ, ದ್ರಾವಣವನ್ನು ಜೆಲ್ ಆಗಿಸುವ 10% ಅಮೋನಿಯಂ ಪರ್‌ಸಲ್ಫೇಟ್ 10 ಮತ್ತು ಟೆಮೆಡ್ 1. ನಡುವಿನದಕ್ಕೂ ಗಡಸಿನದಕ್ಕೂ ಅಕ್ರಿಲಮೈಡ್ ಅಷ್ಟೇ ಇದೆ, ಬಿಸ್ ಮಾತ್ರ ಮೂರು ಪಟ್ಟಾಗಿದೆ ನೋಡಿ. ಅಕ್ರಿಲಮೈಡ್ ನೂಲಾದರೆ ಬಿಸ್ ಗಂಟು. ಗಂಟು ಜಾಸ್ತಿಯಾದಷ್ಟೂ ಬಲೆ ಬಿಗಿಯಾಗುತ್ತದೆ.

ಪರ್‌ಸಲ್ಫೇಟ್ ಹಾಕುವ ಮೊದಲು ದ್ರಾವಣವನ್ನು ವ್ಯಾಕ್ಯೂಮ್‌ನಲ್ಲಿ 15ರಿಂದ 30 ನಿಮಿಷ ಇಟ್ಟು ಗಾಳಿ ತೆಗೆಯಿರಿ. ಆಮ್ಲಜನಕ ಜೆಲ್ ಆಗುವುದನ್ನು ತಡೆಯುತ್ತದೆ. ಒಂದು ದಿನ ಗಾಳಿ ತೆಗೆದು ಇನ್ನೊಂದು ದಿನ ಬಿಟ್ಟರೆ ಅದೇ ಅಳತೆಯಲ್ಲಿ ಬೇರೆ ಬೇರೆ ಗಡಸುತನ ಬರುತ್ತದೆ. ಪರ್‌ಸಲ್ಫೇಟ್ ಅಂತೂ ಅವತ್ತೇ ಕರಗಿಸಿದ್ದಿರಲಿ, ಇಲ್ಲವಾದರೆ ಸಣ್ಣ ಭಾಗ ಮಾಡಿ ಫ್ರೀಜರ್‌ನಲ್ಲಿಟ್ಟದ್ದಿರಲಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.

ಟೆಮೆಡ್ ಬಿದ್ದ ಮೇಲೆ ಗುಳ್ಳೆ ಬಾರದ ಹಾಗೆ ಮೆಲ್ಲಗೆ ಕಲಸಿ, ಮೇಲಿನ ಗಾಜನ್ನೇ ಸದ್ಯಕ್ಕೆ ಕೆಳಗಿಟ್ಟು ಅದರ ಮೇಲೆ 25 ಮೈಕ್ರೋಲೀಟರ್ ಹನಿ ಹಾಕಿ, ಕೆಳಗಿನ ಗಾಜನ್ನು ಸಿಲೇನ್ ಹಚ್ಚಿದ ಬದಿ ಹನಿಗೆ ತಾಗುವ ಹಾಗೆ ಅದರ ಮೇಲೆ ಇಳಿಸಿ. 18 ಮಿಲಿಮೀಟರ್ ಗಾಜಿಗೆ ಇದು ಸುಮಾರು 100 ಮೈಕ್ರೋಮೀಟರ್ ದಪ್ಪ ಕೊಡುತ್ತದೆ. ಈ ದಪ್ಪ ಬೇಕೇ ಬೇಕು. ತೀರಾ ತೆಳುವಾದರೆ ಕೋಶ ಜೆಲ್ ದಾಟಿ ಕೆಳಗಿನ ಗಾಜಿನ ಗಡಸನ್ನೇ ಗುರುತಿಸಿಬಿಡುತ್ತದೆ, ಕಂಬಳಿ ತೆಳುವಾದರೆ ಕಲ್ಲು ನೆಲ ಬೆನ್ನಿಗೆ ಗೊತ್ತಾಗುತ್ತಲ್ಲ ಹಾಗೆ.

ಉಳಿದ ದ್ರಾವಣ ಟ್ಯೂಬ್‌ನಲ್ಲೇ ಇರಲಿ. ಅದು ಗಟ್ಟಿಯಾಯಿತು ಅಂದರೆ ಗಾಜಿನ ನಡುವಿನದೂ ಆಗಿರುತ್ತದೆ. 15ರಿಂದ 30 ನಿಮಿಷ ಹಿಡಿಯುತ್ತದೆ, ಮೆತ್ತಗಿನದಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಆಮೇಲೆ ಎರಡೂ ಗಾಜನ್ನು ಪಿಬಿಎಸ್‌ನಲ್ಲಿ ಮುಳುಗಿಸಿ, 5 ನಿಮಿಷ ಕಾಯ್ದು, ನೀರಿನೊಳಗೇ ಬ್ಲೇಡಿನ ತುದಿಯಿಂದ ಅಂಚು ಬಿಡಿಸಿ. 0.5ರ ಜೆಲ್ ಬಹಳ ಸೂಕ್ಷ್ಮ, ನೇರವಾಗಿ ಮೇಲೆತ್ತಿದರೆ ಹರಿಯುತ್ತದೆ. ಪಕ್ಕಕ್ಕೆ ಜಾರಿಸಿ. ಹರಿದ ಜೆಲ್ಲನ್ನು ಉಳಿಸಿಕೊಳ್ಳಬೇಡಿ, ಹರಿದ ಅಂಚಿನಲ್ಲಿ ಕೋಶಗಳು ಬೇರೆಯೇ ರೀತಿ ಸಾಲುಗಟ್ಟುತ್ತವೆ. ನಾಲ್ಕು ಬೇಕಿದ್ದರೆ ಆರು ಹಾಕಿ.

ಪಿಬಿಎಸ್ ಎರಡು ಸಲ ಬದಲಿಸಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ನೆನೆಯಲು ಬಿಡಿ. ಉಳಿದ ಅಕ್ರಿಲಮೈಡ್ ಹೊರಗೆ ಹೋಗುತ್ತದೆ, ಜೆಲ್ ಪೂರ್ತಿ ಉಬ್ಬುತ್ತದೆ. ಎಂದೂ ಒಣಗಲು ಬಿಡಬೇಡಿ.

ಗಡಸುತನವನ್ನು ನೀವೇ ಅಳೆಯಿರಿ

ಮೇಲೆ ಕೊಟ್ಟ ಕಿಲೋಪಾಸ್ಕಲ್ ಸಂಖ್ಯೆಗಳು ದಾರಿ ತೋರಿಸಲು ಮಾತ್ರ. ನಿಮ್ಮ ಬಾಟಲಿ, ನಿಮ್ಮ ಪರ್‌ಸಲ್ಫೇಟ್, ನಿಮ್ಮ ಕೋಣೆಯ ಬಿಸಿ, ಎಲ್ಲವೂ ಅದನ್ನು ಬದಲಿಸುತ್ತವೆ. ಬೇರೆಯವರ ಪಟ್ಟಿಯ ಸಂಖ್ಯೆಯನ್ನು ನಿಮ್ಮ ಜೆಲ್‌ಗೆ ಬರೆಯುವುದು ಅಳತೆಯಲ್ಲ.

ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಸಿಕ್ಕರೆ ಅತ್ಯುತ್ತಮ. ಚೂಪು ತುದಿಯ ಬದಲು ಗುಂಡು ಅಂಟಿಸಿದ ತುದಿ ಬಳಸಿ, ಪಿಬಿಎಸ್‌ನಲ್ಲಿ ಮುಳುಗಿರುವಾಗಲೇ ಅಳೆಯಿರಿ, ಸ್ವಲ್ಪವೇ ಒತ್ತಿ, ಬಂದ ಗೆರೆಗೆ ಹರ್ಟ್ಸ್ ಮಾದರಿ, ಅಂದರೆ ಒತ್ತಿದ ಬಲದಿಂದ ಗಡಸುತನ ಲೆಕ್ಕ ಹಾಕುವ ಸೂತ್ರ, ಹೊಂದಿಸಿ. ಒಂದು ಜೆಲ್‌ನಲ್ಲಿ ಹತ್ತು ಹದಿನೈದು ಜಾಗ, ಒಂದು ಬ್ಯಾಚ್‌ನಲ್ಲಿ ಮೂರು ಜೆಲ್ ಆದರೂ ನೋಡಿ. ಆ ಯಂತ್ರ ಇಲ್ಲದಿದ್ದರೆ ಅದೇ ದ್ರಾವಣದ ದಪ್ಪ ಬಿಲ್ಲೆ ಮಾಡಿ ರಿಯೋಮೀಟರ್‌ನಲ್ಲಿ ಅಳೆಯಬಹುದು. ರಿಯೋಮೀಟರ್ ಕೊಡುವುದು ಶಿಯರ್ ಮಾಡ್ಯುಲಸ್, ಅಂದರೆ ಪಕ್ಕಕ್ಕೆ ತಿರುಚಿದಾಗಿನ ಗಡಸುತನ. ನಾವು ಇಲ್ಲಿ ಹೇಳುತ್ತಿರುವ ಗಡಸುತನ, ಅಂದರೆ ಯಂಗ್ಸ್ ಮಾಡ್ಯುಲಸ್, ಬೇಕಾದರೆ ಸುಮಾರಾಗಿ ಮೂರರಿಂದ ಗುಣಿಸಬೇಕು. ಎರಡನ್ನೂ ಒಂದೇ ಅಂದುಕೊಂಡು ಹೋಲಿಸಿದರೆ ಮೂರು ಪಟ್ಟು ತಪ್ಪುತ್ತದೆ.

ಕೊಲಾಜೆನ್ ಹಚ್ಚುವುದು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಎಡವುವುದು ಇಲ್ಲಿ. ನಾನೂ ಇಲ್ಲೇ ಎಡವಿದ್ದೆ. ಮೆತ್ತಗಿನ ಜೆಲ್ ಮೇಲೆ ಕೋಶ ದುಂಡಗಿದೆ, ಎಲ್ಲ ಪುಸ್ತಕದಲ್ಲಿ ಇರುವ ಹಾಗೇ ಬಂತು ಅಂತ ಎರಡು ತಿಂಗಳು ನಂಬಿಕೊಂಡಿದ್ದೆ. ಆಮೇಲೆ ಕೊಲಾಜೆನ್‌ಗೆ ಬಣ್ಣ ಹಾಕಿ ನೋಡಿದರೆ ಮೆತ್ತಗಿನ ಜೆಲ್‌ಗಳ ಮೇಲೆ ಅದು ಇರಲೇ ಇಲ್ಲ, ಅಲ್ಲೊಂದು ಇಲ್ಲೊಂದು ತೇಪೆಯಷ್ಟೇ. ಕೋಶ ದುಂಡಗಾದದ್ದು ನೆಲ ಮೆತ್ತಗಿದೆ ಅಂತಲ್ಲ, ಹಿಡಿಯಲು ಏನೂ ಇರಲಿಲ್ಲ ಅಂತ. ಆ ಎರಡು ತಿಂಗಳ ಚಿತ್ರಗಳಲ್ಲಿ ಒಂದನ್ನೂ ಬಳಸಲಿಲ್ಲ. ಹಾಗಾಗಿ ಈ ಭಾಗವನ್ನು ನಿಧಾನವಾಗಿ ಓದಿ.

ಇಲ್ಲಿಂದ ಮುಂದೆ ಎಲ್ಲವೂ ಕಲ್ಚರ್ ಹುಡ್‌ನೊಳಗೆ, ಸೋಸಿದ ದ್ರಾವಣಗಳ ಜೊತೆ. ಜೆಲ್‌ಗಳನ್ನು ಪಿಬಿಎಸ್‌ನಲ್ಲೇ ಇಟ್ಟು ಹುಡ್‌ನ ಯುವಿ ದೀಪದಡಿ 30 ನಿಮಿಷ ಬಿಡಿ. ಕೊಲಾಜೆನ್ ಹಚ್ಚಿದ ಮೇಲೆ ತುಂಬಾ ಹೊತ್ತು ಈ ಯುವಿ ಕೊಟ್ಟರೆ ಪ್ರೋಟೀನೇ ಹಾಳಾಗಬಹುದು, ಅದಕ್ಕೆ ಮೊದಲೇ ಮಾಡಿಬಿಡುವುದು ಒಳ್ಳೆಯದು.

ಜೆಲ್‌ಗೂ ಕೊಲಾಜೆನ್‌ಗೂ ನಡುವೆ ಕೊಂಡಿ ಹಾಕುವುದು ಸಲ್ಫೋ-ಸ್ಯಾನ್‌ಪಾ ಅನ್ನುವ ರಾಸಾಯನಿಕ. ಇದಕ್ಕೆ ಬೆಳಕೂ ಆಗದು, ನೀರೂ ಆಗದು. ಕತ್ತಲಲ್ಲಿ ಇಟ್ಟಿರಿ, ಮೊದಲು ಸ್ವಲ್ಪ ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿ, ಬಳಸುವ ಕ್ಷಣದಲ್ಲಿ 50 ಮಿಲಿಮೋಲಾರ್ ಹೆಪಿಸ್ ಬಫರ್, ಪಿಹೆಚ್ 8.5ಕ್ಕೆ ಬೆರೆಸಿ. ಮಿಲಿಲೀಟರ್‌ಗೆ 0.2 ಮಿಲಿಗ್ರಾಂ ಇರಲಿ. ಜೆಲ್ ಮೇಲಿನ ನೀರು ತೆಗೆದು, ಇದನ್ನು ಹಾಕಿ, ಮುಚ್ಚಳ ತೆಗೆದು 365 ನ್ಯಾನೋಮೀಟರ್ ದೀಪದಡಿ 10 ನಿಮಿಷ ಇಡಿ. ಹುಡ್‌ನ ಯುವಿ ಬೇರೆ, ಈ ದೀಪ ಬೇರೆ. ಕಿತ್ತಳೆ ಬಣ್ಣ ಕಂದಾಗಬೇಕು. ಆಗಲಿಲ್ಲ ಅಂದರೆ ಪುಡಿ ಹಳತಾಗಿದೆ, ಇಲ್ಲವಾದರೆ ದೀಪ ದೂರವಿದೆ. ಹೆಪಿಸ್‌ನಲ್ಲಿ ತೊಳೆದು ಇನ್ನೊಂದು ಸಲ ಇದನ್ನೇ ಮಾಡಿದರೆ ಮೆತ್ತಗಿನ ಜೆಲ್‌ಗೆ ಕೊಂಡಿ ಗಟ್ಟಿಯಾಗುತ್ತದೆ.

ತೊಳೆದ ತಕ್ಷಣ ಒಂದನೇ ಬಗೆಯ ಕೊಲಾಜೆನ್, ಮಿಲಿಲೀಟರ್‌ಗೆ 50 ಮೈಕ್ರೋಗ್ರಾಂ, ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪಿಬಿಎಸ್‌ನಲ್ಲಿ ಮೂರು ಸಲ ತೊಳೆಯಿರಿ.

ಪ್ರತಿ ಬ್ಯಾಚ್‌ನಿಂದ ಪ್ರತಿ ಗಡಸುತನದ ಒಂದೊಂದು ಜೆಲ್ಲನ್ನು ಕೋಶ ಹಾಕದೆ ಬದಿಗಿಡಿ. ಅದಕ್ಕೆ ಕೊಲಾಜೆನ್ ಆ್ಯಂಟಿಬಾಡಿ ಹಾಕಿ, ಒಂದೇ ಎಕ್ಸ್‌ಪೋಷರ್‌ನಲ್ಲಿ ಮೂರನ್ನೂ ಫೋಟೋ ತೆಗೆಯಿರಿ. ಮೂರರಲ್ಲೂ ಹೊಳಪು ಹೆಚ್ಚುಕಮ್ಮಿ ಒಂದೇ ಇದ್ದರೆ ಮಾತ್ರ ಮುಂದೆ ಹೋಗಿ.

ಕೋಶ ಬಿಡುವುದು

ಮೂಳೆ ಮಜ್ಜೆಯ ಮೆಸೆಂಕೈಮಲ್ ಕಾಂಡಕೋಶ ಅಂದರೆ ಏನು ಅನ್ನುವುದಕ್ಕೆ 2006ರಲ್ಲಿ ಅಂತಾರಾಷ್ಟ್ರೀಯ ಕೋಶ ಚಿಕಿತ್ಸಾ ಸಂಘದವರು ಕನಿಷ್ಠ ಗುರುತು ಹಾಕಿಕೊಟ್ಟಿದ್ದಾರೆ. ಪ್ಲಾಸ್ಟಿಕ್‌ಗೆ ಅಂಟಬೇಕು. ಕೋಶದ ಮೈಮೇಲೆ ಸಿಡಿ105, ಸಿಡಿ73, ಸಿಡಿ90 ಅನ್ನುವ ಗುರುತಿನ ಪ್ರೋಟೀನ್ ಇರಬೇಕು. ಸಿಡಿ45, ಸಿಡಿ34ರಂಥ ರಕ್ತಕೋಶದ ಗುರುತು ಇರಬಾರದು. ಮೂಳೆ, ಕೊಬ್ಬು, ಮೃದ್ವಸ್ಥಿ ಮೂರೂ ಆಗಬಲ್ಲದಾಗಿರಬೇಕು. ಕೊಂಡ ಕೋಶವೇ ಆದರೂ ಒಮ್ಮೆ ನಿಮ್ಮ ಕೈಯಲ್ಲೇ ಪರೀಕ್ಷಿಸಿ. ಗೊತ್ತಾಗದ ಹಾಗೆ ಕಲ್ಚರ್ ಸೇರುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ತಪ್ಪಿಸಲೇಬೇಡಿ.

ಐದನೇ ಪ್ಯಾಸೇಜ್, ಅಂದರೆ ಐದನೇ ಸಲ ಹೊಸ ಪ್ಲೇಟಿಗೆ ಬದಲಿಸಿದ್ದು, ದಾಟದ ಕೋಶ ತೆಗೆದುಕೊಳ್ಳಿ. ಇಲ್ಲಿ ಇನ್ನೊಂದು ವಿಷಯವಿದೆ. ಕೋಶಕ್ಕೆ ಹಳೆಯ ನೆಲದ ನೆನಪು ಉಳಿಯುತ್ತದೆ. 2014ರಲ್ಲಿ ಕ್ರಿಸ್ಟಿ ಆನ್ಸೆತ್ ಅವರ ಲ್ಯಾಬಿನವರು ಇದನ್ನು ತೋರಿಸಿದರು. ಗಡಸು ಪ್ಲಾಸ್ಟಿಕ್ ಮೇಲೆ ತುಂಬಾ ದಿನ ಬೆಳೆದ ಕೋಶವನ್ನು ಮೆತ್ತಗಿನ ಜೆಲ್‌ಗೆ ತಂದರೂ ಅದು ಗಡಸು ನೆಲದಲ್ಲಿದ್ದ ಹಾಗೇ ನಡೆದುಕೊಳ್ಳುತ್ತಿತ್ತು, ಕಡಿಮೆ ದಿನ ಇದ್ದದ್ದು ಬೇಗ ಬದಲಾಗುತ್ತಿತ್ತು. ಹಾಗಾಗಿ ಪ್ಲಾಸ್ಟಿಕ್ ಮೇಲೆ ಎಷ್ಟು ದಿನ ಇತ್ತು ಅನ್ನುವುದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಪ್ಯಾಸೇಜ್ ಸಂಖ್ಯೆ ಒಂದೇ ಸಾಲದು.

ಜೆಲ್‌ಗಳನ್ನು ಮೀಡಿಯಂನಲ್ಲಿ ಒಂದು ಗಂಟೆ 37 ಡಿಗ್ರಿಯಲ್ಲಿ ಇಟ್ಟು, ಆಮೇಲೆ ಚದರ ಸೆಂಟಿಮೀಟರ್‌ಗೆ 3,000 ಕೋಶದಂತೆ ಬಿಡಿ. 12 ಬಾವಿಯ ಪ್ಲೇಟಿನಲ್ಲಿ ಒಂದು ಬಾವಿಗೆ ಸುಮಾರು 11,000 ಆಗುತ್ತದೆ. ಇಷ್ಟು ಕಡಿಮೆ ಯಾಕೆ ಅಂದರೆ, ಕೋಶಗಳು ಒಂದಕ್ಕೊಂದು ತಾಗಿದರೆ ಪಕ್ಕದ ಕೋಶವನ್ನೇ ಹಿಡಿದು ಎಳೆಯುತ್ತವೆ, ಆಗ ಕೆಳಗಿನ ನೆಲದ ಸುದ್ದಿ ಮಸುಕಾಗುತ್ತದೆ. ಮೀಡಿಯಂ ಆಲ್ಫಾ ಎಂಇಎಂ, 10% ಸೀರಮ್. ಎಲ್ಲ ಜೆಲ್‌ಗೂ ಒಂದೇ ಬಾಟಲಿಯಿಂದ. ಪ್ಲೇಟನ್ನು ಗುಂಡಗೆ ಸುತ್ತಿಸಬೇಡಿ, ಕೋಶವೆಲ್ಲ ನಡುವೆ ಗುಡ್ಡೆಯಾಗುತ್ತದೆ. ಹಿಂದೆ ಮುಂದೆ, ಎಡ ಬಲ ಮೆಲ್ಲಗೆ ಅಲುಗಿಸಿ.

ಮರುದಿನ ಪ್ರತಿ ಕವರ್‌ಸ್ಲಿಪ್ಪನ್ನೂ ಹೊಸ ಬಾವಿಗೆ ಬದಲಿಸಿ. ಗಾಜಿನ ಪಕ್ಕ, ಪ್ಲಾಸ್ಟಿಕ್ ಮೇಲೆ ಬಿದ್ದ ಕೋಶಗಳು ಅಲ್ಲೇ ಉಳಿಯಲಿ. ಆರ್‌ಎನ್‌ಎ ತೆಗೆಯುವಾಗ ಅವು ಜೊತೆ ಸೇರಿದರೆ ಫಲಿತಾಂಶವೆಲ್ಲ ಕಲಸಿಹೋಗುತ್ತದೆ.

ಮೊದಲ ದಿನ ಏನು ನೋಡಬೇಕು

ಕೋಶ ಬಿಟ್ಟು 4 ಗಂಟೆಯಾದ ಮೇಲೆ ಒಂದು, 24 ಗಂಟೆಯಾದ ಮೇಲೆ ಇನ್ನೊಂದು ಫೋಟೋ ತೆಗೆಯಿರಿ. ಬಣ್ಣ ಬೇಡ, ಫೇಸ್ ಕಾಂಟ್ರಾಸ್ಟ್ ಸಾಕು. ಫಿಜಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕೋಶದ ಅಂಚು ಎಳೆದು ವಿಸ್ತೀರ್ಣ ಮತ್ತು ದುಂಡಗಿರುವಿಕೆ ಅಳೆಯಿರಿ. ಮೆತ್ತಗಿನದರ ಮೇಲೆ ಚಿಕ್ಕದಾಗಿ, ಗಡಸಿನ ಮೇಲೆ ಅಗಲವಾಗಿ ಕಾಣಬೇಕು. ಈ ವ್ಯತ್ಯಾಸವೇ ಕಾಣದಿದ್ದರೆ ಮುಂದಿನ ದುಬಾರಿ ಆ್ಯಂಟಿಬಾಡಿ ತೆರೆಯಬೇಡಿ, ಜೆಲ್‌ಗೆ ವಾಪಸ್ ಹೋಗಿ.

24 ಗಂಟೆಗೆ ಯಾಪ್ (YAP) ಅನ್ನುವ, ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನ್ ನೋಡುವುದು ನನಗೆ ತುಂಬಾ ಇಷ್ಟದ ಪರೀಕ್ಷೆ. ಇಟಲಿಯ ಪಾಡೋವಾದಲ್ಲಿ ಸ್ಟೆಫಾನೋ ಪಿಕ್ಕೋಲೋ ಅವರ ತಂಡ 2011ರಲ್ಲಿ ತೋರಿಸಿದ ವಿಷಯ ಇದು. ನೆಲ ಗಡಸಾದರೆ ಯಾಪ್ ಕೋಶಕೇಂದ್ರದೊಳಗೆ ಹೋಗುತ್ತದೆ, ಮೆತ್ತಗಾದರೆ ಹೊರಗೆ ಉಳಿಯುತ್ತದೆ. ನೆಲದ ಸುದ್ದಿ ಜೀನ್‌ಗಳವರೆಗೆ ತಲುಪಿತೋ ಇಲ್ಲವೋ ಅಂತ ಕಣ್ಣಾರೆ ನೋಡಬಹುದು.

ಬಣ್ಣ ಹಾಕುವ ಕ್ರಮ ಹೀಗಿದೆ. ಕೋಶವನ್ನು ಇದ್ದ ಹಾಗೇ ಹಿಡಿದಿಡಲು, ಅಂದರೆ ಫಿಕ್ಸ್ ಮಾಡಲು, 4% ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ. ಮೂರು ಸಲ ತೊಳೆತ. ಕೋಶದ ಪೊರೆಯಲ್ಲಿ ತೂತು ಮಾಡಲು 0.1% ಟ್ರೈಟಾನ್ 10 ನಿಮಿಷ. ಆ್ಯಂಟಿಬಾಡಿ ಬೇಡದ ಕಡೆ ಅಂಟದಿರಲು 3% ಬಿಎಸ್‌ಎ ಪ್ರೋಟೀನ್ ಒಂದು ಗಂಟೆ. ಯಾಪ್ ಆ್ಯಂಟಿಬಾಡಿ 4 ಡಿಗ್ರಿಯಲ್ಲಿ ರಾತ್ರಿಯಿಡೀ. ಮರುದಿನ ಎರಡನೇ ಆ್ಯಂಟಿಬಾಡಿ ಒಂದು ಗಂಟೆ, ಅದರ ಜೊತೆಗೇ ಆಕ್ಟಿನ್‌ಗೆ ಫ್ಯಾಲಾಯ್ಡಿನ್, ಕೊನೆಗೆ ಕೋಶಕೇಂದ್ರಕ್ಕೆ ಡ್ಯಾಪಿ. ಗಾಜಿನ ಮೇಲಿನ ಕೋಶಕ್ಕೆ 5 ನಿಮಿಷ ತೊಳೆದರೆ ಸಾಕು, ಜೆಲ್‌ಗೆ 15 ನಿಮಿಷ ಬೇಕು, ಯಾಕೆಂದರೆ ಜೆಲ್ ಬಣ್ಣವನ್ನು ಸ್ಪಂಜಿನ ಹಾಗೆ ಹೀರಿಕೊಂಡಿರುತ್ತದೆ. ಎರಡನೇ ಆ್ಯಂಟಿಬಾಡಿ ಮಾತ್ರ ಹಾಕಿದ ಒಂದು ಜೆಲ್ ಇರಲೇಬೇಕು.

ಮೈಕ್ರೋಸ್ಕೋಪ್ ಅಡಿಯಲ್ಲಿ ಒಂದು ತೊಂದರೆ ಬರುತ್ತದೆ. ಗಾಜು, ಅದರ ಮೇಲೆ 100 ಮೈಕ್ರೋಮೀಟರ್ ಜೆಲ್, ಅದರ ಮೇಲೆ ಕೋಶ. ಹೆಚ್ಚು ಶಕ್ತಿಯ ಆಯಿಲ್ ಲೆನ್ಸ್ ಅಷ್ಟು ದೂರ ತಲುಪುವುದಿಲ್ಲ. ಕವರ್‌ಸ್ಲಿಪ್ಪನ್ನು ಮಗುಚಿ, ಕೋಶ ಕೆಳಗೆ ಬರುವ ಹಾಗೆ, ಗಾಜಿನ ತಳದ ಡಿಶ್‌ನಲ್ಲಿ ಒಂದು ಹನಿ ಪಿಬಿಎಸ್ ಮೇಲೆ ಇಡಿ. ಒತ್ತಬೇಡಿ.

ಪ್ರತಿ ಕೋಶದಲ್ಲೂ ಕೇಂದ್ರದೊಳಗಿನ ಹೊಳಪನ್ನು ಹೊರಗಿನ ಹೊಳಪಿನಿಂದ ಭಾಗಿಸಿ. ಹಿನ್ನೆಲೆಯ ಹೊಳಪನ್ನು ಎರಡರಿಂದಲೂ ಮೊದಲೇ ಕಳೆದಿರಬೇಕು. ಬೇರೆ ಕೋಶಕ್ಕೆ ತಾಗದ ಒಂಟಿ ಕೋಶಗಳನ್ನು ಮಾತ್ರ ಎಣಿಸಿ, ಯಾಕೆಂದರೆ ಕೋಶಗಳು ಒತ್ತಾದಾಗಲೂ ಯಾಪ್ ಹೊರಗೆ ಬಂದುಬಿಡುತ್ತದೆ. ಇನ್ನೊಂದು ಎಚ್ಚರ: ದುಂಡಗಿನ ಕೋಶ ಎತ್ತರವಾಗಿರುತ್ತದೆ, ಕೇಂದ್ರದ ಮೇಲೆ ಕೆಳಗೆ ಇರುವ ಯಾಪ್ ಕೂಡ ಕೇಂದ್ರದೊಳಗಿನದರ ಹಾಗೆ ಕಾಣುತ್ತದೆ. ಕಾನ್‌ಫೋಕಲ್ ಸಿಕ್ಕರೆ ನಡುವಿನ ಒಂದು ಪದರ ಮಾತ್ರ ಅಳೆಯಿರಿ.

ಎಳೆತ ನಿಲ್ಲಿಸಿ ನೋಡಿ

ಇಷ್ಟಾದ ಮೇಲೆ ನಿಮ್ಮ ಹತ್ತಿರ ಇರುವುದು ಒಂದು ಜೋಡಣೆ ಮಾತ್ರ: ಗಡಸು ನೆಲ, ಒಳಗೆ ಯಾಪ್. ಎಳೆತದಿಂದಲೇ ಹೀಗಾಯಿತು ಅನ್ನಬೇಕಾದರೆ ಎಳೆತವನ್ನು ತಡೆಯಬೇಕು. ಬ್ಲೆಬಿಸ್ಟಾಟಿನ್ ಮಯೋಸಿನ್ ಅನ್ನು ನೇರವಾಗಿ ನಿಲ್ಲಿಸುತ್ತದೆ, 10ರಿಂದ 50 ಮೈಕ್ರೋಮೋಲಾರ್ ಬಳಸುತ್ತಾರೆ. ವೈ-27632 ಮಯೋಸಿನ್‌ಗೆ ಚಾಲನೆ ಕೊಡುವ ರಾಕ್ ಕಿಣ್ವವನ್ನು ತಡೆಯುತ್ತದೆ, 10 ಮೈಕ್ರೋಮೋಲಾರ್. ಕೋಶ ಹರಡಿಕೊಂಡ ಮೇಲೆ ಹಾಕಿ, ಕೆಲವು ಗಂಟೆ ಬಿಟ್ಟು ನೋಡಿ. 35ರ ಜೆಲ್ ಮೇಲೂ ಯಾಪ್ ಹೊರಗೆ ಬಂದರೆ ನಿಮ್ಮ ಮಾತಿಗೆ ಬಲ ಬಂತು. ಅಷ್ಟೇ ಡಿಎಂಎಸ್‌ಒ ಮಾತ್ರ ಹಾಕಿದ ಜೆಲ್ ಪಕ್ಕದಲ್ಲಿರಲಿ. ಬ್ಲೆಬಿಸ್ಟಾಟಿನ್ ನೀಲಿ ಬೆಳಕಿಗೆ ಕೆಡುತ್ತದೆ, ಕೋಶಕ್ಕೂ ವಿಷವಾಗುತ್ತದೆ. ಅದು ಇರುವಾಗ ನೀಲಿ ಬೆಳಕಲ್ಲಿ ಲೈವ್ ಫೋಟೋ ಬೇಡ.

ಎಳೆತವನ್ನೇ ಅಳೆಯುವ ಟ್ರ್ಯಾಕ್ಷನ್ ಫೋರ್ಸ್ ಮೈಕ್ರೋಸ್ಕೋಪಿ ಅನ್ನುವ ವಿಧಾನವೂ ಇದೆ. ಜೆಲ್‌ನಲ್ಲಿ 0.2 ಮೈಕ್ರೋಮೀಟರ್‌ನ ಹೊಳೆಯುವ ಮಣಿಗಳನ್ನು ಸೇರಿಸಿ, ಕೋಶ ಇದ್ದಾಗ ಒಂದು ಫೋಟೋ, ಟ್ರಿಪ್ಸಿನ್ ಹಾಕಿ ಕೋಶ ಬಿಡಿಸಿದ ಮೇಲೆ ಅದೇ ಜಾಗದ ಇನ್ನೊಂದು ಫೋಟೋ ತೆಗೆಯುತ್ತಾರೆ. ಮಣಿ ಎಷ್ಟು ಸರಿದಿದೆ ಅನ್ನುವುದರಿಂದ ಬಲದ ಲೆಕ್ಕ ಸಿಗುತ್ತದೆ. ಅದಕ್ಕೆ ಬೇರೆಯದೇ ಮಾರ್ಗದರ್ಶಿ ಬೇಕು.

ವಾರಗಟ್ಟಲೆ ಬಿಟ್ಟಾಗ

ಕೋಶ ಏನಾಗುತ್ತದೆ ಅಂತ ನೋಡಬೇಕಾದರೆ 7ರಿಂದ 21 ದಿನ ಬೇಕು, ಎರಡು ಮೂರು ದಿನಕ್ಕೊಮ್ಮೆ ಅರ್ಧ ಮೀಡಿಯಂ ಬದಲಿಸಬೇಕು. ಮೂಳೆಯ ದಾರಿಗೆ ಆಲ್ಕಲೈನ್ ಫಾಸ್ಫಟೇಸ್ ಮೊದಲು ಏರುತ್ತದೆ. ಆಮೇಲೆ ಸುಣ್ಣ ಕೂತಿದೆಯೇ ಅಂತ ಪಿಹೆಚ್ 4.2ರ ಅಲಿಜರಿನ್ ರೆಡ್ ಹೇಳುತ್ತದೆ. ಕೊಬ್ಬಿಗೆ ಆಯಿಲ್ ರೆಡ್ ಒ. ಈ ಬಣ್ಣಗಳನ್ನು ಜೆಲ್ ತಾನೇ ಹೀರಿಕೊಳ್ಳುವುದರಿಂದ ಕೋಶವಿಲ್ಲದ ಜೆಲ್‌ಗೂ ಅದೇ ಬಣ್ಣ ಹಾಕಿ ಪಕ್ಕದಲ್ಲಿಡಿ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವ ಕ್ಯೂಪಿಸಿಆರ್‌ನಲ್ಲಿ ಮೂಳೆಗೆ ರನ್ಎಕ್ಸ್2, ಸ್ನಾಯುವಿಗೆ ಮಯೋಡಿ, ನರಕ್ಕೆ ಬೀಟಾ-3 ಟ್ಯುಬ್ಯುಲಿನ್ ನೋಡಬಹುದು. ಒಂದು ಜೆಲ್‌ನಿಂದ ಸಿಗುವ ಆರ್‌ಎನ್‌ಎ ತುಂಬಾ ಕಡಿಮೆ, ಮೂರು ನಾಲ್ಕನ್ನು ಸೇರಿಸಿ. ಹೋಲಿಕೆಗೆ ಒಂದೇ ಜೀನ್ ನಂಬಬೇಡಿ, ಆಕ್ಟಿನ್ ಅಂತೂ ಬೇಡವೇ ಬೇಡ, ಅದು ನೆಲದ ಗಡಸಿಗೇ ಬದಲಾಗಬಹುದು.

ಒಂದು ಗುರುತು ಏರಿದ ಮಾತ್ರಕ್ಕೆ ನರಕೋಶ ಆಗಿಬಿಟ್ಟಿತು ಅಂತ ಬರೆಯಬೇಡಿ. ನರಕೋಶದ ಗುರುತು ತೋರಿಸಿತು ಅಂತ ಬರೆಯಿರಿ. ಕಾಂಡಕೋಶದ ಹೆಸರಲ್ಲಿ ಜನರಿಗೆ ದೊಡ್ಡ ದೊಡ್ಡ ಆಸೆ ಹುಟ್ಟಿಸುವವರು ಬಹಳ ಇದ್ದಾರೆ. ನಾವು ಬರೆಯುವ ಪ್ರತಿ ಪದ ಯಾವುದೋ ಮನೆಯಲ್ಲಿ ಕಾಯಿಲೆಯವರ ಪಕ್ಕ ಕೂತು ಓದಲ್ಪಡುತ್ತದೆ ಅನ್ನುವುದು ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುತ್ತದೆ.

ಎಣಿಕೆಯ ವಿಷಯದಲ್ಲೂ ಇದೇ ಪ್ರಾಮಾಣಿಕತೆ ಬೇಕು. ಒಬ್ಬ ದಾನಿಯ 300 ಕೋಶ ಅಳೆದರೆ ಮಾದರಿ ಸಂಖ್ಯೆ 300 ಅಲ್ಲ, 1. ಕನಿಷ್ಠ ಮೂರು ದಾನಿಗಳು, ಪ್ರತಿಯೊಬ್ಬರಿಗೂ ಬೇರೆ ದಿನ ಹಾಕಿದ ಜೆಲ್, ಪ್ರತಿ ಗಡಸುತನಕ್ಕೆ 50ರಿಂದ 100 ಕೋಶ. ಯಾವ ಫೋಟೋ ಯಾವ ಜೆಲ್‌ನದು ಅಂತ ಅಳೆಯುವವರಿಗೆ ಗೊತ್ತಿರಬಾರದು. ಫೈಲ್ ಹೆಸರು ಬದಲಿಸಿ ಗೆಳೆಯರ ಕೈಗೆ ಕೊಡಿ.

ಈ ಜೆಲ್‌ನ ಮಿತಿ

ಗಡಸುತನ ಬದಲಿಸಿದಾಗ ಜೆಲ್‌ನ ರಂಧ್ರಗಳ ಅಳತೆಯೂ ಬದಲಾಗುತ್ತದೆ, ಕೊಲಾಜೆನ್ ಕಟ್ಟಿಕೊಳ್ಳುವ ಗಂಟುಗಳ ದೂರವೂ ಬದಲಾಗುತ್ತದೆ. ಕೋಶ ಗುರುತಿಸುವುದು ಗಡಸನ್ನೋ ಈ ಗಂಟುಗಳನ್ನೋ ಅಂತ 2012ರಲ್ಲಿ ಬ್ರಿಟ್ಟಾ ಟ್ರಾಪ್‌ಮನ್ ಮತ್ತು ಜೊತೆಗಾರರು ಪ್ರಶ್ನೆ ಎತ್ತಿದರು. 2014ರಲ್ಲಿ ಎಂಗ್ಲರ್ ತಂಡ ರಂಧ್ರ ಬದಲಿಸಿ ಗಡಸುತನ ಹಾಗೇ ಇಟ್ಟು ನೋಡಿ, ಗಡಸೇ ಮುಖ್ಯ ಅಂತ ಉತ್ತರ ಕೊಟ್ಟಿತು. ನೀವೂ ಹೀಗೆ ನೋಡಬಹುದು: ಅಕ್ರಿಲಮೈಡ್ ಮತ್ತು ಬಿಸ್ ಎರಡನ್ನೂ ಹೆಚ್ಚು ಕಡಿಮೆ ಮಾಡಿ, ಅಳೆದಾಗ ಒಂದೇ ಗಡಸುತನ ಬರುವ ಎರಡು ಬೇರೆ ಮಿಶ್ರಣ ಹುಡುಕಿ. ಎರಡರ ಮೇಲೂ ಕೋಶ ಒಂದೇ ರೀತಿ ಇದ್ದರೆ ನಿಮ್ಮ ತೀರ್ಮಾನ ಗಟ್ಟಿ.

ಜೊತೆಗೆ ಪಾಲಿಅಕ್ರಿಲಮೈಡ್ ಸ್ಪ್ರಿಂಗ್ ಇದ್ದ ಹಾಗೆ, ಎಳೆದು ಬಿಟ್ಟರೆ ವಾಪಸ್ ಬರುತ್ತದೆ. ಮೈಯೊಳಗಿನ ಅಂಗಾಂಶ ಹಾಗಲ್ಲ, ಎಳೆದು ಹಿಡಿದರೆ ನಾದಿದ ಹಿಟ್ಟಿನ ಹಾಗೆ ನಿಧಾನಕ್ಕೆ ಸಡಿಲವಾಗುತ್ತದೆ. ಅದನ್ನು ನೋಡಬೇಕಾದವರು ಆಲ್ಜಿನೇಟ್ ಜೆಲ್ ಕಡೆ ಹೋಗುತ್ತಾರೆ, ಅಲ್ಲಿ ಕೋಶವನ್ನು ಜೆಲ್ ಒಳಗೇ ಹುದುಗಿಸಬಹುದು.

ಮೊದಲ ಸಲಕ್ಕೆ ಒಂದು ವಾರದ ಲೆಕ್ಕ

ಸೋಮವಾರ ಗಾಜು. ಮಂಗಳವಾರ ಬೆಳಿಗ್ಗೆ ಜೆಲ್, ರಾತ್ರಿಯಿಡೀ ನೆನೆಸು. ಬುಧವಾರ ಬೆಳಿಗ್ಗೆ ಅಳತೆ, ಸಂಜೆ ಸಲ್ಫೋ-ಸ್ಯಾನ್‌ಪಾ ಮತ್ತು ಕೊಲಾಜೆನ್. ಗುರುವಾರ ಬೆಳಿಗ್ಗೆ ಬದಿಗಿಟ್ಟ ಜೆಲ್‌ಗಳ ಕೊಲಾಜೆನ್ ಪರೀಕ್ಷೆ, ಅದು ಸರಿಯಿದ್ದರೆ ಮಧ್ಯಾಹ್ನ ಕೋಶ, ಕೋಶ ಬಿಟ್ಟು 4 ಗಂಟೆಯಾದ ಮೇಲೆ, ರಾತ್ರಿ, ಮೊದಲ ಫೋಟೋ. ಶುಕ್ರವಾರ ಮಧ್ಯಾಹ್ನ 24 ಗಂಟೆಯ ಫೋಟೋ ತೆಗೆದು, ಫಿಕ್ಸ್ ಮಾಡಿ, ಯಾಪ್ ಆ್ಯಂಟಿಬಾಡಿ ಹಾಕಿಟ್ಟು ಮನೆಗೆ ಹೋಗಿ. ಶನಿವಾರ ಮೈಕ್ರೋಸ್ಕೋಪ್ ಬುಕ್ ಮಾಡುವುದನ್ನು ಸೋಮವಾರವೇ ಮರೆಯದೆ ಮಾಡಿಟ್ಟಿರಿ.